ಎಂಬತ್ತರಲ್ಲಿ ಒಂದು

ಮತೊಸಿನ್ಯುಶ್ ಬಂದರಿನಲ್ಲಿ, ಮೀನು ಹರಾಜಿನ ಕಟ್ಟೆಯ ಮೇಲಿನ ಮಹಡಿಯಲ್ಲಿ
ನನ್ನ ಕೋಣೆ. ಕಿಟಕಿ ತೆರೆದರೆ ಸಾರ್ಡೀನ್ ವಾಸನೆ,
ಮುಚ್ಚಿದರೆ ಫಿರ್ಮೀನೊನ ಸಿಗರೇಟಿನದು.
ಅವನು ನಿವೃತ್ತನಾಗಿ ಮೂರು ವರ್ಷ.
ಗೋಡೆಗೆ ಇನ್ನೂ ಯಾರೂ ಹೇಳಿದಂತಿಲ್ಲ.

ಬಿಟ್ಟುಹೋದದ್ದು ಒಂದು ಪರ್ಲ್ ಫೈಲು.
ಅದರಲ್ಲಿ ದೋಣಿಗೊಂದು ಆಬ್ಜೆಕ್ಟು,
ಆಬ್ಜೆಕ್ಟಿನ ಹೊಟ್ಟೆಯಲ್ಲಿ ನಲವತ್ತು ಖಾನೆ:
ಹೆಸರು, ನೋಂದಣಿ, ಬಲೆಯ ಕಣ್ಣಿನ ಅಳತೆ,
ದಡ ಮುಟ್ಟಿದ ಹೊತ್ತು, ತೂಕ.
ಖಾನೆಗೆ ಎರಡೆರಡು ಮೆಥಡ್ಡು,
ಕೇಳಿದರೆ ಕೊಡುವುದೊಂದು, ಕೊಟ್ಟರೆ ಇಟ್ಟುಕೊಳ್ಳುವುದೊಂದು.
ಒಟ್ಟು ಎಂಬತ್ತು.
ಎಲ್ಲವನ್ನೂ ಕೈಯಾರೆ ಹೊಸೆದಿದ್ದ ಪುಣ್ಯಾತ್ಮ,
ಶಾವಿಗೆಯಂತೆ, ಒಂದರ ಪಕ್ಕ ಒಂದು.

ನಾನು ಹತ್ತು ಓದಿದೆ. ಹನ್ನೊಂದನೆಯದಕ್ಕೆ ಆಕಳಿಕೆ.
ಹೇಳಿದ್ದೇ ಹೇಳುವ ಕಿಸಬಾಯಿದಾಸ, ಎಂದುಕೊಂಡು
ಎಂಬತ್ತನ್ನೂ ಒಂದೇ ಏಟಿಗೆ ಅಳಿಸಿದೆ.

ಬದಲಿಗೆ ಹದಿಮೂರು ಸಾಲು.
ಇಲ್ಲದ ಹೆಸರು ಹಿಡಿದು ಯಾರಾದರೂ ಕರೆದರೆ
ಕರೆ ಬಂದು ಬೀಳುವುದು ಕೊನೆಯ ಬಾಗಿಲಲ್ಲಿ ಕೂತವನ ಮುಂದೆ.
ಏನಂತ ಕರೆದಿರಿ? ತೂಕವೇ?
ಪಟ್ಟಿ ನೋಡುತ್ತಾನೆ. ಇದೆ.
ನಿಂತ ನಿಲುವಿನಲ್ಲೇ ಆ ಹೆಸರಿನ ಮೆಥಡ್ಡೊಂದನ್ನು ಹುಟ್ಟಿಸಿ
ಕೈಗೆ ಕೊಟ್ಟು, ಮತ್ತೆ ಕಣ್ಣು ಮುಚ್ಚುತ್ತಾನೆ.
ಎರಡನೆಯ ಸಲ ಅವನನ್ನು ಎಬ್ಬಿಸಬೇಕಿಲ್ಲ,
ಹುಟ್ಟಿದ್ದು ತಾನೇ ಓಗೊಡುತ್ತದೆ.

ಮೊದಲ ರಾತ್ರಿ ಸ್ಕ್ರಿಪ್ಟು ಮುಗಿಯುವಾಗ
ಅರವತ್ತಮೂರು ಎಚ್ಚರಿಕೆ, ಅರವತ್ತಮೂರು ದೋಣಿಗೂ ಒಂದೊಂದು:
'ನಾಶ' ಎಂಬ ಖಾನೆ ಇಲ್ಲ.
ಆಬ್ಜೆಕ್ಟು ಸಾಯುವಾಗ ಭಾಷೆ ಅದನ್ನು ಕೊನೆಯ ಸಲ
ಒಂದು ಹೆಸರಿನಿಂದ ಕರೆಯುತ್ತದೆ, ನನಗೆ ಮರೆತಿತ್ತು.
ಬಾಗಿಲಲ್ಲಿ ಕೂತವನು ಪಾಪ, ಸಾವನ್ನೂ ತಡೆದು ನಿಲ್ಲಿಸಿ
ಪಟ್ಟಿಯಲ್ಲಿ ಹುಡುಕಿದ್ದ.
ಇನ್ನೊಂದು ಸಾಲು ಸೇರಿಸಿದೆ: ಆ ಹೆಸರು ಬಂದರೆ
ಏನೂ ಕೇಳಬೇಡ, ದಾರಿ ಬಿಡು.

ಆಮೇಲೆ ಒಂದೂವರೆ ತಿಂಗಳು ಸುಖ.

ಒಂದು ಬೆಳಿಗ್ಗೆ ಅಡೆಲೀನೊ ಮೆಟ್ಟಿಲು ಹತ್ತಿ ಬಂದ,
'ಗರೋವಿನ್ಯಾ' ದೋಣಿಯವನು, ರಬ್ಬರ್ ಬೂಟು ಕಳಚದೆ.
ಮೇಜಿನ ಮೇಲೆ ಒಂದು ಲಕೋಟೆ ಇಟ್ಟ.
ನನಗೆ ಜಾಸ್ತಿ ಕೊಡುತ್ತಿದ್ದೀರಿ, ಒಡೀಲಿಯಾ.
ನನ್ನ ಪೆಟ್ಟಿಗೆಗಳು ಮರದವು, ಮರ ನೀರು ಕುಡಿಯುತ್ತದೆ.
ಫಿರ್ಮೀನೊ ಪೆಟ್ಟಿಗೆಗೆ ಒಂದೂವರೆ ಕಿಲೊ ಕಳೆಯುತ್ತಿದ್ದ.
ನೀವು ಸಮುದ್ರಕ್ಕೂ ಬೆಲೆ ಕಟ್ಟಿದ್ದೀರಿ.

ಹಳೆಯ ಫೈಲು ತೆಗೆದೆ. ಈ ಸಲ
ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಬೆರಳಿಟ್ಟು ಓದಿದೆ.
ಐವತ್ತೇಳನೆಯದು, 'ತೂಕ'.
ಅಚ್ಚಿನಲ್ಲಿ ಎರೆದ ಅದೇ ಮೋರೆ, ಅದೇ ಆವರಣ, ಅದೇ ಅರ್ಧವಿರಾಮ.
ನಡುವೆ ಒಂದು ಪುಟ್ಟ ಮೈನಸ್ ಚಿಹ್ನೆ,
ಮೀನಿನ ಮುಳ್ಳಿನಷ್ಟು.

ಫೋನು ಮಾಡಿ ರೇಗಿದೆ:
ಒಂದು ಸಾಲು ಟಿಪ್ಪಣಿ ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?
ಆ ಕಡೆ ಕೆಮ್ಮು, ಬೆಂಕಿಕಡ್ಡಿ ಗೀರಿದ ಸದ್ದು.
ಎಂಬತ್ತನ್ನೂ ಓದುತ್ತೀಯ ಅಂದುಕೊಂಡಿದ್ದೆ, ಎಂದ.

ಒಂದನ್ನು ಮಾತ್ರ ಕೈಯಲ್ಲೇ ಬರೆದೆ.
ಬಾಗಿಲಲ್ಲಿ ಕೂತವನಿಗೆ ಇದರ ಸುದ್ದಿಯೇ ತಿಳಿಯದು,
ಇಲ್ಲದ್ದಕ್ಕೆ ಮಾತ್ರ ಅವನಿಗೆ ಎಚ್ಚರ,
ಇರುವುದು ಅವನನ್ನು ದಾಟಿ ಹೋಗುತ್ತದೆ.
ಮೇಲೊಂದು ಟಿಪ್ಪಣಿ: ಅಡೆಲೀನೊ, ಮರದ ಪೆಟ್ಟಿಗೆ, ನೀರು.

ಬರುವ ವರ್ಷ ಪ್ಲಾಸ್ಟಿಕ್ಕಿನವು ಕೊಳ್ಳುತ್ತಾನಂತೆ.
ಹತ್ತು ವರ್ಷದಿಂದ ಹಾಗೇ ಹೇಳುತ್ತಿದ್ದಾನೆ,
ಎಂದು ಕೆಳಗೆ ಕಟ್ಟೆ ತೊಳೆಯುವವರು ನಕ್ಕರು.